ಅಂಗಳದಲ್ಲಿ ಸುಣ್ಣ, ಪಾತಿಯಲ್ಲಿ ಉಪ್ಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿ ಅಂಗಳದಲ್ಲಿ ದಾಸವಾಳ, ನಿಂಬೆ ಹಾಕಿದ್ದೇವೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದೆ. ಸಗಣಿ ಗೊಬ್ಬರ, ಜಿಪ್ಸಂ ಎರಡೂ ಹಾಕಿದೆವು, ಫಲ ಸಿಗಲಿಲ್ಲ.

ಉತ್ತರ: ಇದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ; ಬೆಂಗಳೂರಿನ ಮಣ್ಣು ಕೆಂಪಗಿರುವುದೇ ಅದರಿಂದ. ಆದರೆ ಕಟ್ಟಡದ ಗಾರೆ, ಪ್ಲಾಸ್ಟರ್ ಚೂರು, ಕಾಂಕ್ರೀಟ್ ತೊಳೆದ ನೀರು ಅಂಗಳಕ್ಕೇ ಬಿದ್ದಿರುತ್ತವೆ. ಅವುಗಳ ಸುಣ್ಣ ಮಣ್ಣಿನ ಪಿಎಚ್ ಅನ್ನು (ಹುಳಿ-ಕ್ಷಾರದ ಅಳತೆ) 8ರ ಆಸುಪಾಸಿಗೆ ಏರಿಸುತ್ತದೆ. ಅಷ್ಟಾದರೆ ಕಬ್ಬಿಣ ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಗಡಸು ಬೋರ್‌ವೆಲ್ ನೀರು ಹಾಯಿಸಿದರೆ ಸುಣ್ಣ ಇನ್ನಷ್ಟು ಸೇರುತ್ತದೆ.

ಬುಡದ ಬಳಿ ಗೇಣುದ್ದ ಆಳದ ಮಣ್ಣು ತೆಗೆದು ಒಣಗಿಸಿ, ಮೇಲೆ ವಿನೆಗರ್ ಸುರಿಯಿರಿ. ಬುಸ್ಸೆಂದು ನೊರೆ ಬಂದರೆ ಸುಣ್ಣ ಇರುವುದು ಖಚಿತ.

ಜಿಪ್ಸಂ ನಿಲ್ಲಿಸಿ. ಅದು ಸೋಡಿಯಂ ಹೆಚ್ಚಾದ ಮಣ್ಣಿಗೆ ಮದ್ದು, ಸುಣ್ಣವನ್ನು ಕರಗಿಸುವುದಿಲ್ಲ. ಗಂಧಕ ಕರಗಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ: ಒಂದು ಚದರ ಮೀಟರ್‌ನಲ್ಲಿ 15 ಸೆಂ.ಮೀ. ಆಳದವರೆಗೆ ಸುಮಾರು 200 ಕಿಲೊ ಮಣ್ಣಿರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಸುಣ್ಣದಕಲ್ಲು ಇದ್ದರೂ 2 ಕಿಲೊ ಆಯಿತು. ಅಷ್ಟನ್ನು ಕರಗಿಸಲು 640 ಗ್ರಾಂ ಗಂಧಕ ಬೇಕು. ನೊರೆ ಜೋರಾಗಿದ್ದರೆ ಇದು ಕೈಗೂಡುವ ಕೆಲಸವಲ್ಲ. ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು, ಕಟ್ಟಡದ ಕಸ ಬೀಳದ ಜಾಗದ ಕೆಂಪು ಮಣ್ಣು ತುಂಬುವುದೇ ಮೇಲು.

ಅಲ್ಲಿಯವರೆಗೆ ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಬಳಿಕ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಎರಡು ವಾರಕ್ಕೊಮ್ಮೆಯಂತೆ ಮೂರು ಸಲ ಸಾಕು. ದ್ರಾವಣ ತುಕ್ಕು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ. ಫೆರಸ್ ಸಲ್ಫೇಟನ್ನು ಬುಡಕ್ಕೆ ಹಾಕಿದರೆ ಸುಣ್ಣದ ಮಣ್ಣಿನಲ್ಲಿ ಬೇಗನೆ ತುಕ್ಕಾಗಿ ದಂಡವಾಗುತ್ತದೆ.

ಪ್ರಶ್ನೆ: ಅಮೆರಿಕದ ಫೀನಿಕ್ಸ್‌ನಲ್ಲಿದ್ದೇವೆ. ಕರಿಬೇವಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಹಾಕುತ್ತೇವೆ. ಪಾತಿಯ ಮೇಲೆ ಬಿಳಿ ಪೊರೆ, ಎಲೆಯ ಅಂಚು ಕಂದು. ಯಾಕೆ?

ಉತ್ತರ: ಆ ಸ್ವಲ್ಪ ನೀರೇ ಕಾರಣ. ಅಲ್ಲಿಗೆ ಕಾಲುವೆಯಲ್ಲಿ ಬರುವ ಕೊಲೊರಾಡೊ ನದಿಯ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಆಸುಪಾಸು ಲವಣ ಕರಗಿರುತ್ತದೆ. ಸಾವಿರ ಲೀಟರ್ ಆವಿಯಾದರೆ ಅರ್ಧ ಕಿಲೊಗೂ ಹೆಚ್ಚು ಪಾತಿಯಲ್ಲೇ ಉಳಿಯುತ್ತದೆ. ಅದನ್ನು ತೊಳೆಯಲು ಅಲ್ಲಿನ ಮಳೆ, ವರ್ಷಕ್ಕೆ ಸುಮಾರು 200 ಮಿ.ಮೀ., ಸಾಲದು. ಬಿಳಿ ಪೊರೆ ಕೆರೆದು ತೆಗೆಯಿರಿ. ದಿನಾ ಚಿಮುಕಿಸುವ ಬದಲು, ಮೇಲಿನ ಒಂದೆರಡು ಅಂಗುಲ ಒಣಗಿದ ಮೇಲೆ ಎರಡಡಿ ಆಳ ನೆನೆಯುವಷ್ಟು ಹಾಯಿಸಿ. ಉಪ್ಪು ಬೇರಿನ ಕೆಳಗೆ ಇಳಿಯುತ್ತದೆ. ಮೊದಲು ಒಂದಡಿ ಗುಂಡಿಗೆ ನೀರು ತುಂಬಿ ನೋಡಿ. ಮರುದಿನವೂ ನಿಂತಿದ್ದರೆ ಅಡಿಯಲ್ಲಿ ಸುಣ್ಣದ ಗಟ್ಟಿ ಪದರ ಇರಬಹುದು. ಅದನ್ನು ಹಾರೆಯಿಂದ ಒಡೆಯದೆ ಎಷ್ಟು ಹಾಯಿಸಿದರೂ ಬೇರು ಕೊಳೆಯುತ್ತದೆಯೇ ಹೊರತು ಉಪ್ಪು ಇಳಿಯುವುದಿಲ್ಲ.