ಆರ್ಡರ್ ಎಲ್ಲಿದೆ, ಹಣ ಎಲ್ಲಿದೆ? ಆ್ಯಪ್ ವಿನ್ಯಾಸ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಷೇರು ವಹಿವಾಟಿನ ಆ್ಯಪ್ ಒಂದಕ್ಕೆ ಪರದೆಗಳನ್ನು ವಿನ್ಯಾಸ ಮಾಡುತ್ತಿದ್ದೇನೆ. ಆರ್ಡರ್ ಪುಟದಲ್ಲಿ ಓಪನ್, ಪೆಂಡಿಂಗ್, ಟ್ರಿಗರ್ ಪೆಂಡಿಂಗ್, ಮಾಡಿಫೈ ಪೆಂಡಿಂಗ್ ಅಂತ ಹತ್ತಾರು ಸ್ಥಿತಿಗಳಿವೆ. ಬಳಸುವವರು ತಬ್ಬಿಬ್ಬಾಗುತ್ತಾರೆ. ‘ನಡೆಯುತ್ತಿದೆ’, ‘ಮುಗಿದಿದೆ’ ಅಂತ ಎರಡಕ್ಕೆ ಇಳಿಸಿದರೆ ಹೇಗೆ?

ಉತ್ತರ: ಎರಡು ಸಾಲದು. ಆರ್ಡರ್ ಪುಟ ತೆರೆದವರಿಗೆ ಬೇಕಾಗಿರುವುದು ಇಷ್ಟೇ: ನನ್ನ ಹಣ ಈಗ ಎಲ್ಲಿದೆ, ನಾನೇನಾದರೂ ಮಾಡಬೇಕಾ? ಇದಕ್ಕೆ ಉತ್ತರ ಸಿಗಬೇಕಾದರೆ ನಾಲ್ಕು ಸ್ಥಿತಿಗಳಾದರೂ ಬೇಕು: ಕಾಯುತ್ತಿದೆ, ಭಾಗಶಃ ಆಗಿದೆ, ಪೂರ್ತಿ ಆಗಿದೆ, ಆಗಲಿಲ್ಲ. ಮಾಡಿಫೈ ಪೆಂಡಿಂಗ್, ಅಂದರೆ ಆರ್ಡರಿನಲ್ಲಿ ಮಾಡಿದ ತಿದ್ದುಪಡಿ ಜಾರಿಯಾಗಲು ಕಾಯುವ ಸ್ಥಿತಿ, ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟು ಹೊತ್ತು ಇರುವಂಥದ್ದು. ಅದಕ್ಕೆ ಬಟನ್ ಮೇಲೊಂದು ತಿರುಗುವ ಗುರುತು ಸಾಕು. ಟ್ರಿಗರ್ ಪೆಂಡಿಂಗ್ ಹಾಗಲ್ಲ. ನಷ್ಟ ಹೆಚ್ಚದಂತೆ ಒಂದು ಬೆಲೆ ಗೊತ್ತುಮಾಡಿ ಹಾಕುವ ಸ್ಟಾಪ್ ಲಾಸ್ ಆರ್ಡರ್, ಆ ಬೆಲೆ ಮುಟ್ಟುವ ತನಕ ಕೊಡು-ಕೊಳ್ಳುವವರ ಸಾಲಿಗೇ ಸೇರಿರುವುದಿಲ್ಲ. ‘ಕಾಯುತ್ತಿದೆ’ ಕೆಳಗೆ ‘ಬೆಲೆ ₹395 ಮುಟ್ಟಿದರೆ ಮಾರಾಟಕ್ಕೆ ಹೋಗುತ್ತದೆ’ ಅಂತ ಬರೆಯಿರಿ.

ನಿಜವಾದ ಎಡವಟ್ಟು ಆಗುವುದು ‘ಭಾಗಶಃ’ದಲ್ಲಿ. ಒಬ್ಬರು ₹413ರ ಮಿತಿಯಲ್ಲಿ 100 ಷೇರಿಗೆ ಆರ್ಡರ್ ಹಾಕಿದ್ದಾರೆ, 60 ಷೇರು ₹412.50ಕ್ಕೆ ಸಿಕ್ಕಿದೆ ಅಂದುಕೊಳ್ಳಿ. ಸಾಲು ಹೀಗಿರಲಿ: ‘100ರಲ್ಲಿ 60 ಬಂದಿದೆ, ಸರಾಸರಿ ₹412.50. ಇನ್ನೂ 40 ಕಾಯುತ್ತಿದೆ.’ ಈಗ ಬಟನ್ ಮೇಲೆ ಬರೀ ‘ರದ್ದು’ ಅಂತಿದ್ದರೆ ಇಡೀ ಆರ್ಡರ್ ಹೋಗುತ್ತದೆ ಅಂದುಕೊಂಡು ಒತ್ತುತ್ತಾರೆ, ಆಮೇಲೆ 60 ಷೇರು ಖಾತೆಯಲ್ಲಿ ಕಂಡು ಗಾಬರಿಯಾಗುತ್ತಾರೆ. ‘ಉಳಿದ 40 ರದ್ದು’ ಅಂತಲೇ ಇರಲಿ. ಆ 40 ಮುಂದೆ ₹412.80ಕ್ಕೆ ಸಿಕ್ಕರೆ ಸರಾಸರಿ ₹412.62, ಒಟ್ಟು ₹41,262, ಎರಡನ್ನೂ ತೋರಿಸಿ. ದಿನದ ಅವಧಿಯ ಆರ್ಡರಾಗಿದ್ದು, ಮಾರುಕಟ್ಟೆ 3:30ಕ್ಕೆ ಮುಚ್ಚಿದ ಮೇಲೂ 40 ಸಿಗದೇ ಉಳಿದರೆ ಅವಷ್ಟೇ ರದ್ದಾಗುತ್ತವೆ. ಇಡೀ ಸಾಲನ್ನು ಕೆಂಪಾಗಿಸಿ ‘ರದ್ದಾಗಿದೆ’ ಅನ್ನುವುದು ತಪ್ಪು ಮಾಹಿತಿ.

‘ಪೂರ್ತಿ ಆಗಿದೆ’ ಎಂದ ಮೇಲೂ ಒಂದು ಮಾತು ಬಾಕಿ ಇದೆ. 2023ರ ಜನವರಿ 27ರಿಂದ ಎಲ್ಲ ಷೇರುಗಳೂ ಮರುದಿನದ ಇತ್ಯರ್ಥಕ್ಕೆ, ಅಂದರೆ ಮುಂದಿನ ವ್ಯವಹಾರ ದಿನವೇ ಹಣ-ಷೇರು ಕೈ ಬದಲಾಗುವ ಪದ್ಧತಿಗೆ, ಬಂದಿವೆ. ಶುಕ್ರವಾರ ಕೊಂಡದ್ದು, ನಡುವೆ ಬೇರೆ ರಜೆ ಇಲ್ಲದಿದ್ದರೆ, ಷೇರು ಇಡುವ ಡಿಜಿಟಲ್ ಖಾತೆಯಾದ ಡಿಮ್ಯಾಟ್‌ಗೆ ಬರುವುದು ಸೋಮವಾರ. ಆ ದಿನಾಂಕವನ್ನೇ ಲೆಕ್ಕ ಹಾಕಿ ಕೊಡಿ.

ಪ್ರಶ್ನೆ: ನೆಟ್‌ವರ್ಕ್ ಕೈಕೊಟ್ಟಾಗ ಒಂದೇ ಆರ್ಡರ್ ಎರಡು ಸಲ ಹೋಗುತ್ತಿದೆ. ಬಟನ್ ನಿಷ್ಕ್ರಿಯ ಮಾಡಿದರೂ ನಿಲ್ಲುತ್ತಿಲ್ಲ.

ಉತ್ತರ: ಆ್ಯಪ್ ಮುಚ್ಚಿ ಮತ್ತೆ ತೆರೆದರೆ ಬಟನ್ ಮತ್ತೆ ಜೀವಂತ, ಅದಕ್ಕೇ ನಿಲ್ಲುತ್ತಿಲ್ಲ. ದೃಢೀಕರಣದ ಪರದೆ ಬಂದಾಗಲೇ ಫೋನಿನಲ್ಲಿ ಆ ಆರ್ಡರಿಗೊಂದು ವಿಶಿಷ್ಟ ಸಂಖ್ಯೆ ಸೃಷ್ಟಿಸಿ, ಕಳುಹಿಸುವ ಮುನ್ನವೇ ಉಳಿಸಿಡಿ. ಮತ್ತೆ ಕಳುಹಿಸುವಾಗಲೂ ಅದೇ ಸಂಖ್ಯೆ ಹೋಗಲಿ. ಸರ್ವರ್ ಅದನ್ನು ಆಗಲೇ ಕಂಡಿದ್ದರೆ ಹೊಸ ಆರ್ಡರ್ ಹಾಕದೆ ಹಳೆಯದರ ಸ್ಥಿತಿಯನ್ನಷ್ಟೇ ಹೇಳಬೇಕು. ಉತ್ತರ ಬಾರದಿದ್ದರೆ ‘ವಿಫಲ’ ಅಂತ ಖಂಡಿತ ತೋರಿಸಬೇಡಿ. ಆರ್ಡರ್ ಮಾರುಕಟ್ಟೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ‘ಇನ್ನೂ ಖಚಿತವಾಗಿಲ್ಲ, ಪರಿಶೀಲಿಸುತ್ತಿದ್ದೇವೆ. ಮತ್ತೆ ಆರ್ಡರ್ ಹಾಕಬೇಡಿ’ ಎಂದು ಬರೆಯಿರಿ.

ಪ್ರಶ್ನೆ: ಮ್ಯೂಚುವಲ್ ಫಂಡ್ ಆ್ಯಪ್ ನಮ್ಮದು. ‘ಹಣ ಕಟ್ ಆಗಿದೆ, ಯೂನಿಟ್ ಬಂದಿಲ್ಲ’ ಎಂಬ ದೂರು ದಿನವೂ ಬರುತ್ತದೆ.

ಉತ್ತರ: ನಡುವಿನ ಹೆಜ್ಜೆಗಳನ್ನು ನೀವು ತೋರಿಸುತ್ತಿಲ್ಲ. ಹಣ ಬ್ಯಾಂಕಿನಿಂದ ಹೊರಟಿತು, ಫಂಡ್ ಖಾತೆ ತಲುಪಿತು, ಇಂಥ ದಿನದ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ಅನ್ವಯಿಸಿತು, ಯೂನಿಟ್ ಬಂತು: ಈ ನಾಲ್ಕನ್ನು ದಿನಾಂಕದೊಂದಿಗೆ ಒಂದರ ಕೆಳಗೊಂದು ಇಡಿ. 2021ರ ಫೆಬ್ರವರಿ 1ರಿಂದ ಮೊತ್ತ ಎಷ್ಟೇ ಇರಲಿ, ಎನ್‌ಎವಿ ನಿಂತಿರುವುದು ಫಂಡ್ ಖಾತೆಗೆ ಹಣ ತಲುಪಿದ ಹೊತ್ತಿನ ಮೇಲೆ. ಷೇರಿನಲ್ಲಿ ಹೂಡುವ ಈಕ್ವಿಟಿ ಫಂಡಿಗೆ ಮಧ್ಯಾಹ್ನ 3 ಗಂಟೆ, ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ ಲಿಕ್ವಿಡ್ ಫಂಡಿಗೆ 1:30 ಗಡುವು. ಈಕ್ವಿಟಿ ಫಂಡಿಗೆ 2:50ಕ್ಕೆ ಹಣ ಕಟ್ಟಿದವರಿಗೆ, ಅದು 3ರೊಳಗೆ ತಲುಪದೇ, ಮುಂದಿನ ವ್ಯವಹಾರ ದಿನದ ಎನ್‌ಎವಿ ಸಿಗುವ ಸಾಧ್ಯತೆಯನ್ನು ಹಣ ಕಟ್ಟುವ ಮುನ್ನವೇ ಅದೇ ಪರದೆಯಲ್ಲಿ ಹೇಳಿ.

ಪ್ರಶ್ನೆ: ಕನ್ನಡಕ್ಕೆ ಬದಲಿಸಿದರೆ ಅಕ್ಷರ ಕತ್ತರಿಸಿ ಹೋಗುತ್ತದೆ, ಬಟನ್ ತುಂಬಿ ಹೊರಚೆಲ್ಲುತ್ತದೆ.

ಉತ್ತರ: ಸಾಲಿನ ಎತ್ತರವನ್ನು ಇಂಗ್ಲಿಷ್ ಅಳತೆಗೆ ಬಿಗಿದಿದ್ದೀರಿ. ಅಕ್ಷರ ಗಾತ್ರದ ಒಂದೂವರೆ ಪಟ್ಟಿನಷ್ಟಾದರೂ ಕೊಟ್ಟು, ‘ರಾಷ್ಟ್ರೀಯ’ ಪದವಿಟ್ಟು ನೋಡಿ. ಅದರ ಎರಡು ಒತ್ತು ಪೂರ್ತಿ ಕಂಡರೆ ಮಿಕ್ಕವೂ ಕಾಣುತ್ತವೆ. ‘ರದ್ದುಗೊಳಿಸಿ’, ‘ಮಾರ್ಪಡಿಸಿ’ ಬದಲು ‘ರದ್ದು’, ‘ತಿದ್ದಿ’ ಸಾಕು. ‘ಕೊಳ್ಳಿ’, ‘ಕೊಡಿ’ ಎಂಬ ಜೋಡಿ ಬೇಡವೇ ಬೇಡ, ಅವಸರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ‘ಖರೀದಿ’, ‘ಮಾರಾಟ’ ಮೊದಲಕ್ಷರದಲ್ಲೇ ಬೇರೆಯಾಗುತ್ತವೆ. ಕೆಂಪು-ಹಸಿರಿನ ಭೇದ ಕಾಣದವರಿಗೂ ಆ ಪದಗಳೇ ದಾರಿ.