ಭಾನುವಾರ ಬೆಳಿಗ್ಗೆ ಬಸ್ಸಿಳಿದವನು

ನಾನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಪ್ತಸಲಹೆಗಾರ್ತಿ. ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ತವರೂರು ಇದು, ಹಾಗಾಗಿ ನನ್ನಲ್ಲಿಗೆ ಬರುವವರಲ್ಲಿ ವಾದ್ಯದವರು ಹೆಚ್ಚು. ಅವರಲ್ಲೊಬ್ಬನ ಕಥೆ ಇದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ಕರೆ ಬಂದದ್ದು ನೆಬ್ರಾಸ್ಕದ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಿಂದ. ಈಗಲೇ ಮಾತಾಡಬೇಕು ಅಂದ. ನನ್ನ ಲೈಸೆನ್ಸ್ ಟೆನೆಸಿ ರಾಜ್ಯದ್ದು. ಸಲಹೆ ಕೇಳುವವರು ಎಲ್ಲಿ ಕೂತಿದ್ದಾರೋ ಆ ರಾಜ್ಯದ ಕಾನೂನು ಲೆಕ್ಕಕ್ಕೆ ಬರುತ್ತದೆ. ಊರೂರು ತಿರುಗುವವನಿಗೆ ಇದೇ ಮೊದಲ ತೊಡಕು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಅಂದ. ಬಂದರೆ ಸಹಾಯವಾಣಿ 988ಕ್ಕೆ ಕರೆ ಮಾಡಿ, ದೇಶದ ಯಾವ ಮೂಲೆಯಿಂದಲೂ ಸಿಗುತ್ತದೆ ಎಂದು ಹೇಳಿ, ಮಂಗಳವಾರ ಹನ್ನೊಂದು ಗಂಟೆಗೆ ಬರಹೇಳಿದೆ.

ವಯಸ್ಸು ನಲವತ್ತರ ಆಸುಪಾಸು. ಪೆಡಲ್ ಸ್ಟೀಲ್ ವಾದಕ. ಮೇಜಿನಂತೆ ಮುಂದಿಟ್ಟುಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತ, ಪಾದದಿಂದ ಪೆಡಲನ್ನೂ ಮೊಣಕಾಲಿನಿಂದ ಸನ್ನೆಕೋಲುಗಳನ್ನೂ ಒತ್ತುತ್ತ ನುಡಿಸುವ ವಾದ್ಯ ಅದು. ಕಂಟ್ರಿ ಹಾಡಿನಲ್ಲಿ ಬಿಕ್ಕಿದಂತೆ ಕೇಳುವ ಎಳೆತ ಅದರದ್ದೇ.

ಬುಧವಾರ ರಾತ್ರಿ ಗಾಯಕನ ತಂಡದ ಬಸ್ ಹೊರಡುತ್ತದೆ. ಒಂದರ ಮೇಲೊಂದರಂತೆ ಮಲಗುವ ಹನ್ನೆರಡು ಗೂಡು, ಎದ್ದು ಕೂರುವಷ್ಟು ಎತ್ತರವಿಲ್ಲ. ಬ್ರೇಕ್ ಬಿದ್ದರೆ ತಲೆ ಬಡಿಯದಿರಲೆಂದು ಕಾಲು ಮುಂದಕ್ಕೆ ಹಾಕಿ ಮಲಗುವುದು ರೂಢಿ. ಗುರುವಾರ, ಶುಕ್ರವಾರ, ಶನಿವಾರ ಮೂರು ಊರು. ನುಡಿಸುವುದು ದಿನಕ್ಕೆ ಒಂದೂವರೆ ಗಂಟೆ, ಮಿಕ್ಕಿದ್ದೆಲ್ಲ ಕಾಯುವುದು. ಭಾನುವಾರ ಬೆಳಿಗ್ಗೆ ವಾಪಸ್.

ಗಾಯಕ ಸ್ಟಾರ್ ಇರಬಹುದು, ಈತನಿಗೆ ಶೋ ಇದ್ದರೆ ದುಡ್ಡು. ಅಮೆರಿಕದ ಎಫ್‌ಎಂ, ಎಎಂ ಸ್ಟೇಷನ್ನುಗಳು ಹಾಡು ಬರೆದವರಿಗೆ ಗೌರವಧನ ಕೊಡುತ್ತವೆ, ಹಾಡಿದವರಿಗೂ ನುಡಿಸಿದವರಿಗೂ ಇಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಶೋ ಕಡಿಮೆಯಾಗುವ ಚಳಿಗಾಲದಲ್ಲಿ ನ್ಯಾಶ್‌ವಿಲ್‌ನ ಲೋಯರ್ ಬ್ರಾಡ್‌ವೇ ಬೀದಿಯ ಬಾರ್‌ಗಳಲ್ಲಿ ನಾಲ್ಕು ಗಂಟೆಯ ಪಾಳಿ ನುಡಿಸುತ್ತಾನೆ. ಕೊನೆಗೆ ಪ್ಲಾಸ್ಟಿಕ್ ಬಕೆಟ್ಟಿಗೆ ಬಿದ್ದ ಟಿಪ್ಸನ್ನು ಐದು ಪಾಲು ಮಾಡಿಕೊಳ್ಳುವುದು.

ಆತನ ದೂರು ಇವು ಯಾವುದೂ ಅಲ್ಲ. "ಭಾನುವಾರ ಮನೆ ಮುಂದೆ ಕಾರು ನಿಲ್ಲಿಸಿ ಅರ್ಧ ಗಂಟೆ ಒಳಗೇ ಕೂತಿರುತ್ತೇನೆ. ಇಳಿಯಲು ಆಗುವುದಿಲ್ಲ. ನನಗೆ ಮನೆಯವರ ಮೇಲೆ ಪ್ರೀತಿ ಇಲ್ಲವೇನೋ."

ಒಂಬತ್ತು ವರ್ಷದ ಮಗಳ ಮಾತು ಬಂದಾಗ ಸುಮ್ಮನಾದ. ಮುಖ ನಿರ್ವಿಕಾರ, ಆದರೆ ಎಡಪಾದ ನನ್ನ ರತ್ನಗಂಬಳಿಯನ್ನು ಮೆಲ್ಲಗೆ ಒತ್ತಿ ಬಿಡುತ್ತಿತ್ತು, ಮೊಣಕಾಲು ಒಳಕ್ಕೆ ಸರಿಯುತ್ತಿತ್ತು. ಇಲ್ಲದ ಪೆಡಲನ್ನು ಒತ್ತುತ್ತಿದ್ದ. ಪ್ರೀತಿ ಇಲ್ಲದವನಲ್ಲ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಮನಸ್ಸಿನ ಮಾತಿಗೆ ಮೊದಲು ದೇಹ ನೋಡಬೇಕಿತ್ತು. ಶೋ ಮುಗಿದ ಮೇಲಿನ ಏರಿದ ನರ ಇಳಿಯಲಿ ಎಂದು ರಾತ್ರಿ ಎರಡರವರೆಗೆ ಕುಡಿತ, ಆಮೇಲೆ ಚೂರುಚೂರು ನಿದ್ದೆ. ಎರಡು ವರ್ಷದಿಂದ ಬಲಕಿವಿಯಲ್ಲಿ ಗುಂಯ್ ಎಂಬ ಸದ್ದು, ಹೆಂಡತಿಗೂ ಹೇಳಿರಲಿಲ್ಲ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಕೇಳಬಹುದು. 100ಕ್ಕೆ ಏರಿದರೆ ಹದಿನೈದೇ ನಿಮಿಷ ಎನ್ನುತ್ತದೆ ಇಲ್ಲಿನ ಔದ್ಯೋಗಿಕ ಆರೋಗ್ಯದ ಮಾನದಂಡ. ಕಿವಿ ತಜ್ಞರಲ್ಲಿಗೆ ಕಳಿಸಿದೆ. ವಿಮೆ ಇರಲಿಲ್ಲ, ಸಂಗೀತದವರ ಕಷ್ಟಕ್ಕೆಂದೇ 1989ರಲ್ಲಿ ಹುಟ್ಟಿದ ಮ್ಯೂಸಿಕೇರ್ಸ್ ಸಂಸ್ಥೆಗೆ ಅರ್ಜಿ ಹಾಕಿಸಿದೆ. ಕುಡಿತದ ಬಗ್ಗೆ ಉಪದೇಶ ಮಾಡಲಿಲ್ಲ. ಶೋ ಮುಗಿದ ಮೊದಲ ಒಂದು ಗಂಟೆ ಬಸ್ ಹತ್ತದೆ ನಡೆಯಿರಿ, ಆಮೇಲೆ ಎಷ್ಟು ಬೇಕೆನಿಸುತ್ತದೋ ಬರೆದಿಡಿ ಎಂದೆ. ಮೂರನೇ ವಾರಕ್ಕೆ ಲೆಕ್ಕ ಅರ್ಧಕ್ಕಿಳಿದಿತ್ತು. ಇಳಿಯದಿದ್ದರೆ ವೈದ್ಯರಲ್ಲಿಗೆ ಕಳಿಸುತ್ತಿದ್ದೆ.

ಭಾನುವಾರದ ವಿಷಯಕ್ಕೆ ನನಗೆ ನೆನಪಾದದ್ದು ನಮ್ಮ ದೊಡ್ಡಮ್ಮ. ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ದೀಪಾವಳಿ ಕಳೆದು ಹೊರಟರೆ ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ತಿರುಗಾಟ ಮುಗಿಯುವುದು. ಅವರು ಬಂದ ಮೂರು ದಿನ ದೊಡ್ಡಮ್ಮ ಸಾಲದ ಮಾತು, ಸೋರುವ ಮಾಡಿನ ಮಾತು ಯಾವುದನ್ನೂ ಎತ್ತುತ್ತಿರಲಿಲ್ಲ. ಒಳಕೋಣೆಯ ಕಿಟಕಿಗೆ ಗೋಣಿ ಕಟ್ಟಿ, ಮಕ್ಕಳನ್ನು ತೋಟಕ್ಕೆ ಅಟ್ಟುತ್ತಿದ್ದರು. ಮೇಳದಿಂದ ಮನೆಗೆ ಬರುವುದೂ ಕೆಲಸದ ಒಂದು ಭಾಗವೆಂದು ಅವರಿಗೆ ಗೊತ್ತಿತ್ತು. ಇದನ್ನು ಆತನಿಗೆ ಹೇಳಿದೆ. "ಆರು ತಿಂಗಳು, ದಿನಾ ರಾತ್ರಿ?" ಎಂದು ಎರಡು ಸಲ ಕೇಳಿದ.

ಮುಂದಿನ ವಾರ ಹೆಂಡತಿಯನ್ನೂ ಕರೆಸಿದೆ. ಆಕೆಯ ಮಾತು ನನ್ನನ್ನು ತಿದ್ದಿತು. "ಮೂರು ದಿನ ನನ್ನಿಂದಾಗದು. ನಾಲ್ಕು ದಿನ ಒಬ್ಬಳೇ ಮನೆ ನಡೆಸಿರುತ್ತೇನೆ, ನಂದೂ ಕೆಲಸವೇ. ಭಾನುವಾರ ಮಧ್ಯಾಹ್ನ ಎರಡರವರೆಗೆ ಮಲಗಲಿ. ಆದರೆ ಎದ್ದ ಮೇಲೆ, ನಾನು ಮಾಡಿಟ್ಟ ಏರ್ಪಾಡನ್ನು ಬದಲಿಸಲು ಹೊರಡಬಾರದು." ದೊಡ್ಡಮ್ಮನ ದಣಿವಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಕೆ ಹೇಳಿದ್ದನ್ನೇ ಒಪ್ಪಂದವಾಗಿ ಬರೆದುಕೊಂಡೆವು. ಜೊತೆಗೆ ಇನ್ನೆರಡು: ಮಗಳಿಗೆ ಕರೆ ತನಗೆ ಬಿಡುವಾದಾಗಲ್ಲ, ಆಕೆ ಊಟಕ್ಕೆ ಕೂರುವ ಹೊತ್ತಿಗೆ, ಹತ್ತೇ ನಿಮಿಷ. ತೆರಿಗೆ ಹಿಡಿಯದೆ ಕೈಗೆ ಬರುವ ದುಡ್ಡಾದ್ದರಿಂದ, ಪ್ರತಿ ಶೋ ಸಂಭಾವನೆಯಲ್ಲಿ ನಾಲ್ಕನೇ ಒಂದು ಪಾಲು ಬೇರೆ ಖಾತೆಗೆ.

ನಾಲ್ಕು ತಿಂಗಳಾಯಿತು. ಕಿವಿಯ ಸದ್ದು ಹೋಗಿಲ್ಲ. ಹೆಚ್ಚಾಗದಂತೆ ಅಚ್ಚು ತೆಗೆಸಿದ ಇಯರ್‌ಪ್ಲಗ್ ಹಾಕಿಕೊಳ್ಳುತ್ತಾನೆ. ಕಾರಿನಲ್ಲಿ ಕೂರುವುದು ಐದು ನಿಮಿಷಕ್ಕೆ ಬಂದಿದೆ. ಈಗ ಉಳಿದ ಕಗ್ಗಂಟು ಒಂದು ಶನಿವಾರ. ಅಂದು ಮಗಳು ಶಾಲೆಯ ವೇದಿಕೆಯಲ್ಲಿ ಹಾಡುತ್ತಾಳೆ. ಬದಲಿ ವಾದಕನನ್ನು ಕಳಿಸಬಹುದು, ಆದರೆ ಒಮ್ಮೆ ಬಿಟ್ಟುಕೊಟ್ಟ ಜಾಗ ಮತ್ತೆ ಸಿಗದಿದ್ದರೆ ಎಂಬ ಭಯ. ಸುಳ್ಳು ಭಯವಲ್ಲ, ಹಾಗೆ ಜಾಗ ಹೋದವರನ್ನು ನಾನೇ ಬಲ್ಲೆ. ಹೋಗಿ ಎಂದೂ ಹೋಗಬೇಡಿ ಎಂದೂ ನಾನು ಹೇಳಿಲ್ಲ. ಟೂರ್ ಮ್ಯಾನೇಜರಿಗೆ ಹೇಳಬೇಕಾದ ಮಾತನ್ನು ನನ್ನೆದುರು ಎರಡು ಸಲ ಹೇಳಿ ನೋಡಿದ. ಇನ್ನೂ ಕರೆ ಮಾಡಿಲ್ಲ.