ಕ್ರಿಕೆಟ್ ನೋಡುವುದನ್ನು ಬಿಟ್ಟರೆ ನೆಮ್ಮದಿ ಸಿಗುತ್ತದೆಯೇ?

ಮ್ಯಾಚ್ ಮುಗಿದ ಮೇಲೆ ತಲೆ ಭಾರ, ರಾತ್ರಿ ನಿದ್ದೆ ಇಲ್ಲ. ಅದಕ್ಕೇ ಕ್ರಿಕೆಟ್ ಬಿಟ್ಟು, ಐದು ಗಂಟೆಗೆ ಏಳುವುದು, ಧ್ಯಾನ, ಡೈರಿ ಅಂತ ಒಳ್ಳೆಯ ಅಭ್ಯಾಸಗಳನ್ನು ಶುರು ಮಾಡಬೇಕು ಅಂದುಕೊಂಡಿದ್ದೀರಿ. ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಇದನ್ನೆಲ್ಲ ಇದೇ ಸಾಲಿನಲ್ಲಿ ಮಾಡಿ ಮುಗಿಸಿದವನು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಕ್ರಿಕೆಟ್ ಬಿಡಬೇಡಿ. ಅದಕ್ಕೂ ಮೊದಲು ಒಂದು ವಿಷಯ ನೋಡಿಕೊಳ್ಳಿ: ಮ್ಯಾಚ್ ನೋಡುವಾಗ ನಿಮ್ಮ ಕೈಯಲ್ಲಿ ಏನಿರುತ್ತದೆ?

ನನ್ನ ಕೈಯಲ್ಲಿ ಫೋನ್ ಇರುತ್ತಿತ್ತು. ಫೋನಿನಲ್ಲಿ ಫ್ಯಾಂಟಸಿ ಟೀಮ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮ್ಯಾಚ್ ಶುರುವಾಗುವ ಮೊದಲು ಎರಡೂ ತಂಡಗಳಿಂದ ಸೇರಿಸಿ ಹನ್ನೊಂದು ಜನರನ್ನು ಆರಿಸಬೇಕು. ಆಗ ಒಂದಿಷ್ಟು ದುಡ್ಡೂ ಕಟ್ಟಬೇಕಿತ್ತು. ನಿಮ್ಮವರು ಹೊಡೆದ ರನ್ನಿಗೆ, ತೆಗೆದ ವಿಕೆಟ್ಟಿಗೆ, ಹಿಡಿದ ಕ್ಯಾಚಿಗೆ ಪಾಯಿಂಟ್ಸ್. ಕ್ಯಾಪ್ಟನ್ ಅಂತ ಮಾಡಿದವನಿಗೆ ಡಬಲ್, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು. ಕೇಳೋಕೆ ಮಜಾ ಇದೆ, ಅಲ್ವಾ? ಚಿಕ್ಕಂದಿನಿಂದ ಕ್ರಿಕೆಟ್ ನೋಡಿದ್ದೇನೆ, ಆ ತಿಳಿವಳಿಕೆಗೆ ಏನಾದರೂ ಬೆಲೆ ಸಿಗಲಿ ಅಂತ ನಾನೂ ಸೇರಿಕೊಂಡೆ.

2022ರ ಅಕ್ಟೋಬರ್ 23. ಟಿ20 ವಿಶ್ವಕಪ್, ಮೆಲ್ಬರ್ನ್, ಭಾರತ–ಪಾಕಿಸ್ತಾನ. ನಾನು ಕ್ಯಾಪ್ಟನ್ ಮಾಡಿದ್ದು ಹ್ಯಾರಿಸ್ ರೌಫ್‌ನನ್ನು. ಹೌದು, ಪಾಕಿಸ್ತಾನದ ಬೌಲರ್. ಲೆಕ್ಕ ಪಕ್ಕಾ ಇತ್ತು ಸ್ವಾಮಿ. ಅವನು ಆಸ್ಟ್ರೇಲಿಯಾದ ಟಿ20 ಲೀಗ್ ಬಿಗ್ ಬ್ಯಾಷ್‌ನಲ್ಲಿ ಮೆಲ್ಬರ್ನ್ ಸ್ಟಾರ್ಸ್‌ಗೆ ಆಡಿದವನು, ಆ ಮೈದಾನದ ಉದ್ದಗಲ ಬಲ್ಲವನು. ಕೊನೆಯ ಓವರುಗಳಲ್ಲಿ ಬೌಲ್ ಮಾಡುತ್ತಾನೆ, ಆಗ ವಿಕೆಟ್ ಜಾಸ್ತಿ ಬೀಳುತ್ತವೆ. ಎಲ್ಲರೂ ಕೊಹ್ಲಿಯನ್ನೋ ಬಾಬರ್‌ನನ್ನೋ ಕ್ಯಾಪ್ಟನ್ ಮಾಡಿರುತ್ತಾರೆ. ಎಲ್ಲರ ಹಾಗೇ ನಾನೂ ಮಾಡಿದರೆ ಎಲ್ಲರಿಗಿಂತ ಮುಂದೆ ಹೋಗುವುದು ಹೇಗೆ? ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಇಂಥ ವಿಷಯಕ್ಕೆ ಬೀಳುವವರು ದಡ್ಡರು ಅಂತ ನೀವು ಅಂದುಕೊಂಡಿರಬಹುದು. ನನ್ನ ಲೆಕ್ಕ ಸರಿಯಾಗಿಯೇ ಕೆಲಸ ಮಾಡಿತು, ಅದೇ ತೊಂದರೆಯಾಗಿದ್ದು.

ನಮಗೆ ಬೇಕಿದ್ದದ್ದು 160. ರೌಫ್ ಬಂದವನೇ ರೋಹಿತ್‌ನನ್ನು ಸ್ಲಿಪ್ಪಿನಲ್ಲಿ ಕ್ಯಾಚ್ ಕೊಡಿಸಿದ. ಆಮೇಲೆ ಸೂರ್ಯಕುಮಾರ್‌ನನ್ನೂ ಕಳಿಸಿದ. ಸ್ಕೋರು ನಾಲ್ಕು ವಿಕೆಟ್ಟಿಗೆ 31. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವನ ಮಗಳು ನನ್ನ ಮುಖ ನೋಡಿ, "ಚಿಕ್ಕಪ್ಪ ಯಾಕೆ ನಗ್ತಿದ್ದಾರೆ?" ಅಂತ ಕೇಳಿದಳು. ನಾನು ನಗುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಅಣ್ಣ ತಿರುಗಿ, "ನೀನು ಯಾರ ಕಡೆ ಕಣೋ?" ಅಂದ. ತಮಾಷೆಗೇ ಅಂದ. ಉತ್ತರ ಹೇಳೋಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನದು ನಿಮಗೂ ಗೊತ್ತಿರುತ್ತದೆ. ಕೊಹ್ಲಿ, ಹಾರ್ದಿಕ್ ಸೇರಿ ಎಳೆದುಕೊಂಡು ಬಂದರು. 8 ಬಾಲಿಗೆ 28 ಬೇಕು. ಬೌಲಿಂಗ್ ರೌಫ್‌ದು, 19ನೇ ಓವರಿನ ಐದನೇ ಬಾಲು. ಕೊಹ್ಲಿ ಹಿಂಗಾಲಿನ ಮೇಲೆ ನಿಂತು ಅದನ್ನು ಬೌಲರ್ ತಲೆಯ ಮೇಲಿಂದ ನೇರವಾಗಿ ಸಿಕ್ಸ್ ಎತ್ತಿದ. ಅಂಥ ಬಾಲನ್ನು ಆ ಕಡೆ ಹೊಡೆಯೋಕೆ ಆಗುತ್ತದೆ ಅಂತ ಅವತ್ತಿನ ತನಕ ನಂಬಿದವರು ಕಡಿಮೆ. ಮುಂದಿನ ಬಾಲೂ ಸಿಕ್ಸ್, ಫೈನ್ ಲೆಗ್ ಮೇಲೆ. ಅಣ್ಣ ಮಗಳನ್ನು ಎತ್ತಿಕೊಂಡು ಕುಣಿಯುತ್ತಿದ್ದ. ನಾನು ಆ್ಯಪ್ ರಿಫ್ರೆಶ್ ಮಾಡುತ್ತಿದ್ದೆ. ರೌಫ್‌ನ ಎಕಾನಮಿ, ಅಂದರೆ ಓವರಿಗೆ ಕೊಟ್ಟ ರನ್ನಿನ ಲೆಕ್ಕ, ಹಾಳಾಯಿತು, ಪಾಯಿಂಟ್ಸ್ ಎಷ್ಟು ಹೋಗುತ್ತದೋ ನೋಡಬೇಕಿತ್ತು.

ಕೊನೆಯ ಓವರ್ ಇನ್ನೂ ವಿಚಿತ್ರ. ನೋ ಬಾಲಿಗೆ ಸಿಕ್ಸ್. ಫ್ರೀ ಹಿಟ್ಟಿನಲ್ಲಿ ಬೌಲ್ಡ್ ಆದರೂ ಔಟ್ ಇಲ್ಲ, ಸ್ಟಂಪ್ಸ್ ಬಿದ್ದರೂ ಓಡಿ ಮೂರು ಬೈ. ಕೊನೆಯ ಬಾಲಿಗೆ ಎರಡು ರನ್ ಬೇಕಿದ್ದಾಗ ಅಶ್ವಿನ್ ಬಾಲನ್ನು ಬಿಟ್ಟು ವೈಡ್ ಗಿಟ್ಟಿಸಿದ. ನಾನು ತಲೆ ಎತ್ತುವಾಗ ಅಂಪೈರ್ ಎರಡೂ ಕೈ ಚಾಚಿ ಆಗಿತ್ತು. "ಏನಾಯ್ತು?" ಅಂದೆ. ಯಾರೂ ಉತ್ತರ ಕೊಡಲಿಲ್ಲ. ಯಾರಿಗೂ ಕೇಳಿಸಲೇ ಇಲ್ಲ.

ದುಡ್ಡು ಹೋಯಿತು. ಅದು ದೊಡ್ಡ ಮೊತ್ತವೇನಲ್ಲ. ಆ ಸಂಜೆ ಹೋಯಿತಲ್ಲ, ಅದಕ್ಕೇ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಆ ಎರಡು ಸಿಕ್ಸ್‌ಗಳನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಏನಾಗುತ್ತದೆ ಅಂತ ಗೊತ್ತಿಲ್ಲದೆ ನೋಡುವ ಅವಕಾಶ ಒಂದೇ ಸಲ ಇತ್ತು. ಅದನ್ನು ಫೋನ್ ನೋಡುತ್ತಾ ಕಳೆದೆ.

ಇದರ ಬಗ್ಗೆ ತುಂಬಾ ಯೋಚನೆ ಮಾಡಿದ್ದೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಕ್ರಿಕೆಟ್ಟಿನಲ್ಲಿ ಬಾಲು ಆಟದಲ್ಲಿರುವುದು ಕೆಲವೇ ಸೆಕೆಂಡು. ಬೌಲರ್ ತಿರುಗಿ ನಡೆದು ಹೋಗಿ ಮತ್ತೆ ಓಡಿಬರುವ ತನಕ ಬರೀ ಬಿಡುವು. ಟೆಸ್ಟಿನಲ್ಲಿ ದಿನಕ್ಕೆ 90 ಓವರ್, ಅಂದರೆ 540 ಬಾಲು, ಅಂದರೆ ಅಷ್ಟೇ ಬಿಡುವುಗಳು. ಕ್ರಿಕೆಟ್ ಇಷ್ಟವಿಲ್ಲದವರು ಇದನ್ನೇ ಆಡಿಕೊಳ್ಳುತ್ತಾರೆ. ನನ್ನ ಪ್ರಕಾರ ಆಟದ ರುಚಿ ಇರುವುದೇ ಅಲ್ಲಿ. "ಸ್ಲಿಪ್ ಯಾಕೆ ತೆಗೆದ?" "ಈಗ ಬೌನ್ಸರ್ ಹಾಕ್ತಾನೆ ನೋಡು." "ಇದೇ ಥರ ಅವತ್ತು ದ್ರಾವಿಡ್ ಔಟಾಗಿದ್ದ." ಫುಟ್‌ಬಾಲ್ ನೋಡುತ್ತಾ ಹೀಗೆ ಹರಟೆ ಹೊಡೆದರೆ ಗೋಲ್ ತಪ್ಪಿಹೋಗುತ್ತದೆ. ಕ್ರಿಕೆಟ್ಟು ಹರಟೆಗೆ ಜಾಗ ಬಿಟ್ಟೇ ಆಡುವ ಆಟ. ನಾನು ಆ ಜಾಗಕ್ಕೆಲ್ಲ ಫೋನ್ ತುಂಬಿದೆ. ಪ್ರತಿ ಬಾಲಿನ ನಂತರ ಪಾಯಿಂಟ್ಸ್, ಎಷ್ಟನೇ ಸ್ಥಾನ, ಮುಂದಿನವನು ಯಾರು. ಅಣ್ಣ ಏನೋ ಹೇಳುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ. ಅಲ್ಲಿಂದ ಮುಂದೆ ಅವನು ಮ್ಯಾಚಿಗೆ ಕರೆಯುವುದು ಕಡಿಮೆಯಾಯಿತು. ಜಗಳ ಏನಿಲ್ಲ. ಸುಮ್ನೆ ಕಡಿಮೆಯಾಯಿತು.

ಆಮೇಲೆ ನೀವು ಈಗ ಮಾಡಲು ಹೊರಟಿದ್ದನ್ನೇ ಮಾಡಿದೆ. ಆ್ಯಪ್ ತೆಗೆದು ಸುಮ್ಮನಿದ್ದರೆ ಸಾಕಿತ್ತು. ನಾನು ಕ್ರಿಕೆಟ್ಟನ್ನೇ ಬಿಟ್ಟೆ. ಇನ್ನು ಮೇಲೆ ಸಂತೋಷವಾಗಿರುತ್ತೇನೆ ಅಂತ ತೀರ್ಮಾನ ಮಾಡಿ, ಅಭ್ಯಾಸಗಳನ್ನು ಗುರುತು ಹಾಕಿಕೊಳ್ಳುವ ಇನ್ನೊಂದು ಆ್ಯಪ್ ಹಾಕಿಕೊಂಡೆ. ಬೇಗ ಏಳುವುದು, ಧ್ಯಾನ, ನಡಿಗೆ, ನೀರು ಕುಡಿಯುವುದು, ಮಲಗುವ ಮೊದಲು ಇವತ್ತು ಆದ ಮೂರು ಒಳ್ಳೆಯ ವಿಷಯ ಬರೆಯುವುದು. ಒಂದೊಂದಕ್ಕೂ ಟಿಕ್. ಒಂದು ದಿನವೂ ತಪ್ಪದಿದ್ದರೆ ಸ್ಟ್ರೀಕ್. ತಪ್ಪಿದರೆ ಮತ್ತೆ ಸೊನ್ನೆಯಿಂದ.

ಎಷ್ಟು ಹದಗೆಟ್ಟಿತ್ತು ಅಂದರೆ, ಹೊದ್ದು ಮಲಗಿದವನು ಬರೆಯಲು ಮರೆತೆ ಅಂತ ಗಾಬರಿಯಾಗಿ ಎದ್ದು, ಕತ್ತಲಲ್ಲಿ ಮೂರು ಸಾಲು ಗೀಚಿ ಟಿಕ್ ಹಾಕಿ ಮಲಗಿದ್ದುಂಟು. ಅದರಲ್ಲೊಂದು ಸಾಲು "ಇವತ್ತು ಬರೆದೆ" ಅಂತಲೇ ಇತ್ತು. ಧ್ಯಾನಕ್ಕೆ ಕೂತರೆ ಇನ್ನೆಷ್ಟು ನಿಮಿಷ ಅಂತ ಒಂದು ಕಣ್ಣು ತೆರೆದು ನೋಡುತ್ತಿದ್ದೆ. ರೌಫ್‌ನ ಪಾಯಿಂಟ್ಸ್ ನೋಡುತ್ತಿದ್ದ ಅದೇ ಹೆಬ್ಬೆರಳು, ಅದೇ ರಿಫ್ರೆಶ್.

2023ರ ನವೆಂಬರ್ 19 ಬಂತು. ಅಹಮದಾಬಾದಿನ ವಿಶ್ವಕಪ್ ಫೈನಲ್. ಸತತ ಹತ್ತು ಮ್ಯಾಚ್ ಗೆದ್ದ ನಮ್ಮವರು ಹನ್ನೊಂದನೆಯದನ್ನು ಸೋತರು, ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದ. ನಾನು ನೋಡಲಿಲ್ಲ. ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರೂ ಜೋಲು ಮುಖ ಹಾಕಿಕೊಂಡು ಗುಂಪಾಗಿ ನಿಂತು ಮಾತಾಡುತ್ತಿದ್ದರು. ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ, ಟಿಕ್ ಎಲ್ಲ ಹಾಕಿದ್ದೆ, ಆ ಗುಂಪಿನಲ್ಲಿ ಹೇಳೋಕೆ ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ನಿಮ್ಮ ಪ್ಲಾನ್ ಪ್ರಕಾರ ಅದು ಗೆದ್ದ ದಿನ. ನನಗಂತೂ ಹಾಗೆ ಅನ್ನಿಸಲಿಲ್ಲ.

ಕ್ರಿಕೆಟ್ಟಿಗೆ ವಾಪಸ್ ಬಂದಿದ್ದು ಆಕಸ್ಮಿಕ. 2025ರ ಆಗಸ್ಟ್ 4ರಂದು ಬೇರೆ ಕೆಲಸಕ್ಕೆ ಅಣ್ಣನ ಮನೆಗೆ ಹೋಗಿದ್ದೆ. ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ–ಇಂಗ್ಲೆಂಡ್ ಟೆಸ್ಟಿನ ಕೊನೆಯ ದಿನ. ಇಂಗ್ಲೆಂಡಿಗೆ 35 ರನ್ ಬೇಕು, ನಾಲ್ಕು ವಿಕೆಟ್ ಉಳಿದಿದೆ. ಹಿಂದಿನ ದಿನ ನಮ್ಮ ಬೌಲರ್ ಸಿರಾಜ್ ಬೌಂಡರಿಯಲ್ಲಿ ಹ್ಯಾರಿ ಬ್ರೂಕ್‌ನ ಕ್ಯಾಚ್ ಹಿಡಿದು ಹಗ್ಗ ತುಳಿದುಬಿಟ್ಟಿದ್ದ. ಬ್ರೂಕ್ ಆಗ 19ರಲ್ಲಿದ್ದ, ಸೆಂಚುರಿ ಹೊಡೆದೇ ಹೋದ. "ಇವತ್ತು ಸೋತರೆ ಪಾಪ ಆ ಹುಡುಗನ ತಲೆಗೇ ಕಟ್ತಾರೆ" ಅಂದ ಅಣ್ಣ. ನಾನು ಕೂತೆ.

ದಿನದ ಮೊದಲ ಎರಡು ಬಾಲಿಗೇ ನಮ್ಮ ಪ್ರಸಿದ್ಧ್ ಕೃಷ್ಣನಿಗೆ ಎರಡು ಫೋರ್. ಆಮೇಲೆ ಸಿರಾಜ್ ಶುರು ಮಾಡಿದ. ಒಂಬತ್ತನೆಯ ವಿಕೆಟ್ ಬಿದ್ದ ಮೇಲೆ ಇಂಗ್ಲೆಂಡಿನ ಕ್ರಿಸ್ ವೋಕ್ಸ್ ಒಂದು ಕೈಯನ್ನು ಪಟ್ಟಿಯಲ್ಲಿ ಕಟ್ಟಿ ಸ್ವೆಟರ್ ಒಳಗಿಟ್ಟುಕೊಂಡು ಬಂದ. ಭುಜ ಜಾರಿತ್ತು ಅವನಿಗೆ. ಓಡಿದಾಗೆಲ್ಲ ನೋವಿನಿಂದ ಮುಖ ಕಿವುಚುತ್ತಿದ್ದ. ಅಣ್ಣನೂ ನಾನೂ ವಾದಕ್ಕೆ ಬಿದ್ದೆವು. ಇವನಿಗೆ ಸ್ಟ್ರೈಕ್ ಸಿಕ್ಕರೆ ಸಿರಾಜ್ ಪೂರ್ತಿ ವೇಗದಲ್ಲಿ ಹಾಕಬೇಕೋ ಬೇಡವೋ? ಅಣ್ಣ ಹಾಕಲೇಬೇಕು ಅಂದ. ನಾನು ಬೇಡ ಅಂದೆ. ವೋಕ್ಸ್‌ಗೆ ಒಂದು ಬಾಲೂ ಆಡಲು ಸಿಗಲಿಲ್ಲ, ವಾದ ಹಾಗೇ ಉಳಿಯಿತು. ಸಿರಾಜ್ ಯಾರ್ಕರ್ ಹಾಕಿ ಇನ್ನೊಂದು ತುದಿಯಲ್ಲಿ ಆಡುತ್ತಿದ್ದ ಅಟ್ಕಿನ್ಸನ್‌ನ ಸ್ಟಂಪ್ ಹಾರಿಸಿದ. 6 ರನ್ನಿನಿಂದ ಗೆಲುವು, ಸಿರಾಜ್‌ಗೆ ಐದು ವಿಕೆಟ್. ಶುರುವಾಗಿ ಒಂದು ಗಂಟೆಯೂ ಆಗಿರಲಿಲ್ಲ. ನಾನು ಬಂದ ಕೆಲಸ ಮರೆತೇಹೋಗಿತ್ತು, ಮಾರನೇ ದಿನ ಮತ್ತೆ ಹೋಗಬೇಕಾಯಿತು.

ಅದೇ ತಿಂಗಳು ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಹಾಗಾದರೆ ನನ್ನ ಕಥೆ ಹಳೆಯದಾಯಿತು ಅನ್ನಬೇಡಿ. ದುಡ್ಡಿಲ್ಲದಿದ್ದರೂ ಫೋನ್ ಕೈಯಲ್ಲೇ ಇರುತ್ತದೆ, ಗ್ರೂಪಿನಲ್ಲಿ ಬೈಗುಳ ಇರುತ್ತದೆ, ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಅಂತ ಪ್ರತಿ ಬಾಲಿಗೂ ತೋರಿಸುವ ಪಟ್ಟಿ ಇರುತ್ತದೆ. ನಿಮ್ಮ ತಲೆಭಾರ ಬರುತ್ತಿರುವುದು ಇಲ್ಲಿಂದ ಅಂತ ನನ್ನ ಗುಮಾನಿ. ಕೊಹ್ಲಿ ಔಟಾದರೆ ಒಂದೆರಡು ನಿಮಿಷ ಬೇಜಾರಾಗುತ್ತದೆ, ಅಷ್ಟೇ. ನಿದ್ದೆ ಕೆಡಿಸುವುದು ಅದರ ಮೇಲೆ ಮಧ್ಯರಾತ್ರಿ ತನಕ ಓದುವ ಕಾಮೆಂಟುಗಳು.

ಡೇನಿಯಲ್ ಕಾನೆಮನ್ ಅಂತ ಮನಶ್ಶಾಸ್ತ್ರಜ್ಞ ಇದ್ದರು. ಯಾವುದೇ ಅನುಭವವನ್ನು ನಾವು ಅದರ ಅತಿ ತೀವ್ರ ಗಳಿಗೆಯಿಂದ ಮತ್ತು ಕೊನೆಯಿಂದ ನೆನಪಿಟ್ಟುಕೊಳ್ಳುತ್ತೇವೆ, ಒಟ್ಟು ಎಷ್ಟು ಹೊತ್ತು ಅನ್ನುವುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವರೂ ಅವರ ಜೊತೆಯವರೂ ತೋರಿಸಿದರು. ಇದು ನನಗೆ ನಿಜಕ್ಕೂ ಉಪಯೋಗಕ್ಕೆ ಬಂತು. ಮ್ಯಾಚ್ ಮುಗಿದ ತಕ್ಷಣ ಟಿವಿ ಆಫ್. ಚರ್ಚೆ ಕಾರ್ಯಕ್ರಮ ಬೇಡ, ಸೋತಾಗ ಅಂತೂ ಬೇಡವೇ ಬೇಡ. ಎದ್ದು ಸ್ವಲ್ಪ ನಡೆದು ಬನ್ನಿ. ಜೊತೆಗೆ ನೋಡಿದವರೂ ಬಂದರೆ ಇನ್ನೂ ಒಳ್ಳೆಯದು. ಸಂಜೆಯ ಕೊನೆ ಆ ಮಾತಾಗಿರಲಿ, ಯಾರೋ ಅಪರಿಚಿತನ ಬೈಗುಳ ಬೇಡ.

ಮ್ಯಾಚ್ ನಡೆಯುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಸೋಫಾದ ಮೇಲೆ ಮಗುಚಿಟ್ಟರೆ ಸಾಲದು, ನಾನು ಮಾಡಿ ನೋಡಿದ್ದೇನೆ. ಒಬ್ಬರೇ ನೋಡಬೇಡಿ. 1938ರಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಅದೇ ಜನರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿ ಕಂಡುಕೊಂಡಿದ್ದು, ಆಪ್ತ ಸಂಬಂಧ ಇರುವವರು ಹೆಚ್ಚು ಸುಖವಾಗಿ, ಆರೋಗ್ಯವಾಗಿ ಇರುತ್ತಾರೆ ಅಂತ. ಅಣ್ಣನ ಜೊತೆ ವೋಕ್ಸ್ ಬಗ್ಗೆ ಜಗಳ ಆಡುವುದು ಅದರಲ್ಲಿ ಸೇರುತ್ತದೆ ಅಂತ ನಾನು ನಂಬಿದ್ದೇನೆ.

ಹೈಲೈಟ್ಸ್ ಮಾತ್ರ ನೋಡಿ ಸಮಯ ಉಳಿಸುತ್ತೇನೆ ಅನ್ನುವವರಿದ್ದಾರೆ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಹನುಮ ವಿಹಾರಿ ಕಾಲಿನ ಸ್ನಾಯು ಎಳೆದುಕೊಂಡು 161 ಬಾಲಿಗೆ 23 ಮಾಡಿ ಟೆಸ್ಟ್ ಉಳಿಸಿದ. ಅದನ್ನು ಯಾವ ಹೈಲೈಟ್ಸ್‌ನಲ್ಲಿ ತೋರಿಸುತ್ತಾರೆ? ಆದಷ್ಟು ಟೆಸ್ಟ್ ನೋಡಿ. ಪೂರ್ತಿ ಬೇಡ, ಒಂದು ಸೆಷನ್, ಅಂದರೆ ದಿನದಾಟದ ಮೂರರಲ್ಲೊಂದು ಭಾಗ, ಸಾಕು. ಐದು ಗಂಟೆಗೆ ಏಳುವ ಆಸೆ ಅಷ್ಟೊಂದಿದ್ದರೆ ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟ್ ಡಿಸೆಂಬರ್ 26ರಂದು ಸರಿಯಾಗಿ ನಮ್ಮ ಐದು ಗಂಟೆಗೇ ಶುರುವಾಗುತ್ತದೆ.

ನಡಿಗೆ, ಧ್ಯಾನ, ಡೈರಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಡಿಗೆ ನಾನು ಈಗಲೂ ಬಿಟ್ಟಿಲ್ಲ, ಗುರುತು ಹಾಕುವುದನ್ನು ಬಿಟ್ಟಿದ್ದೇನೆ. ನಿನ್ನೆ ಹೋಗಿದ್ದೆನಾ ಅಂತ ಕೇಳಿದರೆ ಯೋಚನೆ ಮಾಡಬೇಕು.

ನಿದ್ದೆಯ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ. ಐಪಿಎಲ್ ರಾತ್ರಿ ಏಳೂವರೆಗೆ ಶುರುವಾಗಿ ಹನ್ನೊಂದು ದಾಟುತ್ತದೆ, ಎರಡು ತಿಂಗಳು ಹಾಗೇ ಕೂತರೆ ಯಾರಿಗಾದರೂ ತಲೆ ಕೆಡುತ್ತದೆ. ನಾನು ಕಣ್ಣು ಎಳೆಯಲು ಶುರುವಾದರೆ ಎದ್ದು ಹೋಗಿ ಮಲಗುತ್ತೇನೆ, ಕೊನೆಯ ನಾಲ್ಕು ಓವರ್ ಇದ್ದರೂ ಸರಿ. ಏನಾಯಿತು ಅಂತ ಬೆಳಿಗ್ಗೆ ಅಣ್ಣ ಫೋನ್ ಮಾಡಿ ಹೇಳುತ್ತಾನೆ. ಮ್ಯಾಚಿಗಿಂತ ಉದ್ದ ಹೇಳುತ್ತಾನೆ, ಅದು ಬೇರೆ ವಿಷಯ.